ಮುಕ್ಕಾಲು ಸುತ್ತಿನ ಸ್ಕ್ರೂ

ಗಾಡಿ ಓಡಿಸಲು ಬರುವವರು ಗಾಡಿಯ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಮಾತಾಡುವವರು ನನ್ನಂಥವರು. ನನ್ನ ಲೈಸೆನ್ಸಿಗೆ ಇಪ್ಪತ್ತೆರಡು ವರ್ಷ. ಅಷ್ಟು ವರ್ಷಗಳಲ್ಲಿ ನಾನು ಕಾರು ಓಡಿಸಿದ್ದು ಒಟ್ಟು ಏಳು ಸಲ, ಅದರಲ್ಲಿ ಎರಡು ಸಲ ಹಿಂದಕ್ಕೆ. ಆದರೂ ಬೆಳಂಬಾರದ ನಮ್ಮ ಕೇರಿಯಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ, ಯಾರ ಪಂಪು ನೀರೆತ್ತದಿದ್ದರೂ ಮೊದಲು ಕರೆಯುವುದು ಮಧುಕರನನ್ನೇ, ಅಂದರೆ ನನ್ನನ್ನೇ. ಯಾಕೆಂದರೆ ನನಗೆ ಮಲ್ಲಾಪುರದಲ್ಲಿ ನೌಕರಿ. ಮಲ್ಲಾಪುರವೆಂದರೆ ಅಣುಸ್ಥಾವರದವರ ಟೌನ್‌ಶಿಪ್ಪು. ಅಲ್ಲಿ ನೌಕರಿಯೆಂದರೆ ದಿನಾ ಬೆಳಿಗ್ಗೆ ಅಣು ಒಡೆಯುವುದೇ ಇರಬೇಕೆಂದು ನಮ್ಮವರ ನಂಬಿಕೆ. ಕ್ವಾರ್ಟರ್ಸಿನ ನಲ್ಲಿ ಸೋರಿದರೆ ವಾಷರ್ ತೆಗೆದುಕೊಡುವ ಸ್ಟೋರಿನ ಗುಮಾಸ್ತ ನಾನು ಎಂಬ ಸತ್ಯವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳದೆ ಹೇಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ಕಾರು ಕೊಂಡದ್ದು ನನಗಾಗಿ ಅಲ್ಲ, ಹೆಂಡತಿ ವೈಜಯಂತಿಗಾಗಿ. ಅವಳು ಮೀನು ಮಾರುವವಳು. ಅವಳ ತಾಯಿ ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಇವಳು ಫೋನಿನಲ್ಲಿ ತಿರುಗುತ್ತಾಳೆ. ಬೆಳಿಗ್ಗೆ ದಂಡೆಗೆ ಬಂದ ಬಾಂಗಡೆಯ ಫೋಟೋ ಹಾಕಿದರೆ ಸಾಕು, ಮಲ್ಲಾಪುರದ ಕ್ವಾರ್ಟರ್ಸಿನ ನಲವತ್ತು ಮನೆಗಳು ನನಗೆ, ನನಗೆ ಎನ್ನುತ್ತವೆ. ಆದರೆ ತಲುಪಿಸುವುದು ಹೇಗೆ? ಮೀನಿನ ಬುಟ್ಟಿ ಕಂಡರೆ ಬಸ್ಸು ನಿಲ್ಲುವುದಿಲ್ಲ. ಟೆಂಪೋ ನಿಲ್ಲುತ್ತದೆ, ಆದರೆ ಹೊರಡುವುದಿಲ್ಲ. ಮೀನು ಎರಡಕ್ಕೂ ಕಾಯುವುದಿಲ್ಲ. ಅದಕ್ಕೇ ಇಪ್ಪತ್ತೈದು ವರ್ಷ ಹಳೆಯದೊಂದು ಸಣ್ಣ ಬಿಳಿ ಕಾರು ತಂದು, ಹಿಂದಿನ ಸೀಟು ಕಿತ್ತು, ಬುಟ್ಟಿಗೆ ಜಾಗ ಮಾಡಿದೆವು. ವೈಜಯಂತಿ ಡ್ರೈವಿಂಗ್ ಕಲಿತಳು. ಲೈಸೆನ್ಸ್ ಒಂದು ಕೈಗೆ ಬಂದರೆ ಅವಳ ಬುಟ್ಟಿ ತಲೆಯಿಂದ ಇಳಿಯುತ್ತಿತ್ತು.

ಬರಲಿಲ್ಲ. ಕಾರವಾರದಲ್ಲಿ ಪರೀಕ್ಷೆಯ ದಿನ ಅವಳು ಕ್ಲಚ್ಚಿನಿಂದ ಕಾಲು ಎತ್ತಿದ್ದೇ ತಡ, ಕಾರು ಕಟ್ಟು ಬಿಚ್ಚಿದ ಕರುವಿನ ಹಾಗೆ ನೆಗೆದು, ಎಂಟರ ಆಕಾರದಲ್ಲಿ ನೆಟ್ಟಿದ್ದ ಕಂಬಗಳಲ್ಲಿ ಎರಡನ್ನು ಮಲಗಿಸಿತು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರು ಟೊಪ್ಪಿ ಸರಿಮಾಡಿಕೊಂಡು, "ಆಕ್ಸಿಲರೇಟರ್ ಮೇಲೆ ನಿಮ್ಮ ಕಾಲು ಭಾರ ಅಮ್ಮಾ. ಮುಂದಿನ ತಿಂಗಳು ಬನ್ನಿ" ಎಂದರು.

"ನಾ ಅದನ್ನ ಮುಟ್ಟಲೇ ಇಲ್ಲ" ಎಂದಳು ವೈಜಯಂತಿ.

ಆಗ ನಾನು ಗಂಡನಾದವನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ತಾಂತ್ರಿಕ ವಿಷಯ ಬಂದಾಗ ನನಗೆ ಸುಮ್ಮನಿರಲು ಬರುವುದಿಲ್ಲ. "ಸಾಹೇಬ್ರು ಹೇಳುದು ಖರೆ. ಕಾಲು ಭಾರವೇ" ಎಂದೆ. ಅವಳು ನನ್ನತ್ತ ಒಂದು ಸಲ ನೋಡಿದಳು. ಮನೆಗೆ ಬಂದು ಹೇಳಿದಳು: "ಕಲಿಯೂ ಲೈಸೆನ್ಸು ಮುಂದಿನ ತಿಂಗಳ ಕೊನೆಗೆ ಮುಗೀತದೆ. ಇನ್ನೊಂದೇ ಸಲ. ಫೇಲಾದ್ರೆ ಗಾಡಿ ಮಾರಿ. ನಾ ಮತ್ತೆ ಸ್ಟೇರಿಂಗ್ ಮುಟ್ಟುದಿಲ್ಲ."

ನಾನು ವಾರದ ಆರು ದಿನ ಮಲ್ಲಾಪುರದಲ್ಲೇ ಇರುವವನು. ಶನಿವಾರ ಸಂಜೆ ಊರಿಗೆ, ಸೋಮವಾರ ನಸುಕಿಗೆ ಹಿಂದಕ್ಕೆ. ಪಕ್ಕದಲ್ಲಿ ಲೈಸೆನ್ಸಿನವನಿಲ್ಲದೆ ಕಲಿಯುವವಳು ಓಡಿಸುವ ಹಾಗಿಲ್ಲ, ಹಾಗಾಗಿ ವಾರವಿಡೀ ಕಾರು ಅಂಗಳದಲ್ಲೇ. ಆ ರವಿವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಚಾ ಕುಡಿಯುತ್ತಿದ್ದಾಗ ವೈಜಯಂತಿ ಕಾರು ಚಾಲೂ ಮಾಡಿ, ಬಾಗಿಲು ತೆಗೆದು, ಕೆಳಗಿಳಿದು ನನ್ನೆದುರು ನಿಂತಳು. ಕಾರು ನಿಂತಲ್ಲೇ ಹೋ ಎಂದು ಕೂಗುತ್ತಿತ್ತು. ಅಟ್ಟದ ಹೆಂಚು ಗಲಗಲ ಎನ್ನುತ್ತಿತ್ತು.

"ನನ್ನ ಎರಡೂ ಕಾಲು ಇಲ್ಲುಂಟು. ಎಣ್ಸ್ಕಳಿ" ಎಂದಳು. "ಈಗ ಯಾರ ಕಾಲು ಭಾರ?"

ಸದ್ದಿಗೆ ಬೇಲಿಯಾಚೆಯ ಹುಲಿಯಾ ಗೌಡ, ಅವನ ಹೆಂಡತಿ ಬೀರಿ ಬಂದು ನಿಂತರು. ಇಬ್ಬರೂ ತರಕಾರಿ ಬೆಳೆದು ಅಂಕೋಲೆಯ ಪೇಟೆಗೆ ಒಯ್ಯುವವರು. ನಮ್ಮ ಮನೆಯಲ್ಲಿ ಒಗ್ಗರಣೆ ಹಾಕಿದರೂ ಅವರಿಗೆ ವರದಿ ಬೇಕು. "ಏ ಮಧುಕರಣ್ಣಾ, ವಿಮಾನ ತಂದ್ರಾ?" ಎಂದು ಹುಲಿಯಾ ಕೂಗಿದ. ಅದೇ ಹೊತ್ತಿಗೆ ನನ್ನ ಮಾವ ರಾಮಾ ದಂಡೆಯ ಕಡೆಯಿಂದ ಬಂದರು. ಮಾವನ ಮನೆ ನಮ್ಮಿಂದ ಹತ್ತು ಹೆಜ್ಜೆ. ಅರವತ್ತೆಂಟು ವರ್ಷವಾದರೂ ತಮ್ಮದೇ ಫೈಬರ್ ದೋಣಿಯಲ್ಲಿ ದಿನಾ ಸಮುದ್ರಕ್ಕೆ ಹೋಗುವವರು, ಬಂದ ಮೀನಿನಲ್ಲಿ ಚಲೋದನ್ನು ಆರಿಸಿ ಮಗಳ ಮೆಟ್ಟಿಲ ಮೇಲೆ ಇಟ್ಟು ಹೋಗುವವರು. ಅವರು ಕಾರಿನ ಸದ್ದಿಗೆ ಕಿವಿಗೊಟ್ಟು ನಿಂತರು. ಮುಖ ಅರಳಿತು.

"ಚಲೋ ಉಂಟು ಎಂಜಿನ್. ಗಟ್ಟಿ ಜೀವ" ಎಂದರು.

ನಾಲ್ಕು ಜನರೆದುರು ನನ್ನ ವಿದ್ವತ್ತು ಮಣ್ಣುಪಾಲಾಗುತ್ತಿತ್ತು. ಬಿಡುತ್ತೇನೆಯೇ? "ಇಷ್ಟ್ ದಿವ್ಸ ನೀ ಒತ್ತಿ ಒತ್ತಿ ಎಂಜಿನ್ನಿಗೆ ಅದೇ ರೂಢಿ ಬಿದ್ದದೆ. ಈಗ ನಿನ್ನ ಕಾಲು ಇಲ್ದಿದ್ರೂ ಉಂಟು ಹೇಳಿ ತಿಳ್ಕಂಡದೆ" ಎಂದೆ.

ಹುಲಿಯಾ ತಲೆದೂಗಿದ. ಅಣು ಒಡೆಯುವವನು ಹೇಳಿದ ಮೇಲೆ ಇರಬಹುದು ಎಂಬಂತೆ. ಬೀರಿ ಮಾತ್ರ, "ಎಂತದೂ ಅಲ್ಲ, ದೃಷ್ಟಿ. ಲಿಂಬೆಹಣ್ಣು ಕಟ್ಟಿ" ಎಂದಳು. ವೈಜಯಂತಿ ಕೀಲಿ ತಿರುಗಿಸಿ ಎಂಜಿನ್ ಬಂದ್ ಮಾಡಿ, "ಮಂಗೇಶನ ಗ್ಯಾರೇಜಿಗೆ ಹೋಗ್ವಾ. ರೂಢಿ ಬಿಡ್ಸುದು ಅವಂಗೆ ಗುತ್ತುಂಟಾ ಕೇಳ್ವಾ" ಎಂದಳು.

ಮಂಗೇಶನ ಗ್ಯಾರೇಜು ಅಂಕೋಲೆಯ ಪೇಟೆಯ ಹಿಂದೆ. ಆತನಿಗೆ ಮಾತು ಕಡಿಮೆ, ಕಿವಿ ಹೆಚ್ಚು. ಬಾನೆಟ್ಟು ಎತ್ತಿ, ಎಂಜಿನ್ ಚಾಲೂ ಇಟ್ಟು, ಎರಡು ನಿಮಿಷ ಕಣ್ಣುಮುಚ್ಚಿ ನಿಂತ. ನನಗೆ ತಡೆಯಲಾಗಲಿಲ್ಲ. "ಇದು ಸೆನ್ಸರಿನ ತೊಂದ್ರೆ" ಎಂದೆ.

"ಇದಕ್ಕೆ ಸೆನ್ಸರ್ ಇಲ್ಲ ಸಾಹೇಬ್ರೆ. ಕಾರ್ಬೊರೇಟರ್ ಗಾಡಿ."

"ಹಾಂಗಾರೆ ಸೆನ್ಸರ್ ಇಲ್ದದ್ದೇ ತೊಂದ್ರೆ."

ಮಂಗೇಶ ಆಕ್ಸಿಲರೇಟರಿನ ಕೇಬಲ್ ಎಳೆದು ಬಿಟ್ಟ, ಅದು ಸಲೀಸಾಗಿ ಹಿಂದೆ ಬಂತು. ಚೋಕ್ ಅರ್ಧಕ್ಕೆ ಸಿಕ್ಕಿಕೊಂಡಿದೆಯೋ ನೋಡಿದ, ಇಲ್ಲ. ಆಮೇಲೆ ಒಂದೊಂದೇ ರಬ್ಬರ್ ಪೈಪನ್ನು ಬೆರಳಿನಿಂದ ಒತ್ತುತ್ತ ಹೋದ. ಮೂರನೆಯದನ್ನು ಒತ್ತಿದಾಗ ಎಂಜಿನ್ನಿನ ಕೂಗು ಸ್ವಲ್ಪ ಇಳಿಯಿತು. "ಇಲ್ಲಿ ಬಿರುಕು. ಇದರಿಂದ ಗಾಳಿ ಎಳ್ಕಳ್ತದೆ. ಗಾಳಿ ಹೆಚ್ಚಾದ್ರೆ ಎಂಜಿನ್ ಕೂಗ್ತದೆ" ಎಂದು ಪೈಪು ಬದಲಿಸಿದ. ಕೂಗು ಇಳಿಯಿತು, ಪೂರ್ತಿ ಇಳಿಯಲಿಲ್ಲ. ಕಡೆಗೆ ಕಾರ್ಬೊರೇಟರಿನ ಬದಿಯಲ್ಲಿದ್ದ ಪುಟ್ಟ ಸ್ಕ್ರೂ ಒಂದನ್ನು ಮೆಲ್ಲಗೆ ತಿರುಗಿಸಿದ. ಎಂಜಿನ್ ಇದೆಯೋ ಇಲ್ಲವೋ ಎಂಬಷ್ಟು ಮೆದುವಾಯಿತು. "ನಿಂತಾಗ ಎಂಜಿನ್ ಎಷ್ಟು ತಿರುಗ್ಬೇಕು ಹೇಳುದು ಈ ಸ್ಕ್ರೂ. ಇದು ಮುಕ್ಕಾಲು ಸುತ್ತು ಜಾಸ್ತಿ ಇತ್ತು. ಅಕ್ಕನ ಕಾಲು ಎಂತದೂ ಮಾಡಲಿಲ್ಲ."

ವೈಜಯಂತಿಯ ಮುಖದಲ್ಲಿ ವಾರದ ನಂತರ ಒಂದು ನಗೆ ಕಂಡಿತು. ನಾನು, "ನಾ ಹೇಳಿದ್ದೂ ಅದೇ, ಬೇರೆ ಶಬ್ದದಲ್ಲಿ" ಎಂದೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಶನಿವಾರ ಸಂಜೆ ಬಸ್ಸಿಳಿದು ಕೇರಿಗೆ ಕಾಲಿಟ್ಟರೆ ಗಾಳಿಮರಗಳ ಆಚೆಯಿಂದಲೇ ಕಾರಿನ ಕೂಗು ಕೇಳಿತು. ಮತ್ತೆ ಮಂಗೇಶ. "ಸ್ಕ್ರೂ ಮತ್ತೆ ಮುಕ್ಕಾಲು ಸುತ್ತು ಏರಿದೆ. ಅದರ ಕೆಳಗಿನ ಸ್ಪ್ರಿಂಗು ಸಡಿಲ ಇದ್ದೀತು, ಹೊಯ್ದಾಟಕ್ಕೆ ತಿರುಗ್ತದೆ" ಎಂದು ಸ್ಪ್ರಿಂಗು ಬದಲಿಸಿ ಇಳಿಸಿದ. ಅದರ ಮುಂದಿನ ಶನಿವಾರ ಮತ್ತೆ ಅದೇ ಕೂಗು.

ಈಗ ಕೇರಿಯೇ ಪಂಚಾಯ್ತಿಗೆ ಕುಳಿತಿತು. ಹುಲಿಯಾ ಇಡೀ ವಾರ ಲಕ್ಷ್ಯಕೊಟ್ಟು ನೋಡಿದವನು. "ಮಧುಕರಣ್ಣಾ, ಬೇಜಾರ ಮಾಡ್ಕಬೇಡಿ. ನೀವು ಬರೂ ಶನಿವಾರವೇ ಅದು ಕೂಗುದು. ನಿಮ್ಮ ಅಂಗಿಗೆ ಮಲ್ಲಾಪುರದ ಅಣು ಹತ್ಕಂಡ್ ಬತ್ತದೆ. ಗಾಡಿಗೆ ಅದರ ವಾಸ್ನೆ ಗುತ್ತಾಗ್ತದೆ" ಎಂದ. ಅಂಗಿಗೆ ಹತ್ತಿದ್ದು ಸ್ಟೋರಿನ ಗ್ರೀಸು ಎಂದು ಹೇಳಿದರೆ ಇಪ್ಪತ್ತು ವರ್ಷದ ಗೌರವ ಹೋಗುತ್ತದೆ. "ಅಷ್ಟೆಲ್ಲ ಬರುಕಿಲ್ಲ, ನಾವು ಕೈ ತೊಳದೇ ಬರುದು" ಎಂದೆ. ಬೀರಿ ಯಾರನ್ನೂ ಕೇಳದೆ ಲಿಂಬೆಹಣ್ಣು, ಮೆಣಸಿನಕಾಯಿ ತಂದು ಬಂಪರಿಗೆ ಕಟ್ಟಿಯೇಬಿಟ್ಟಳು. ಮಾವ ಮೂಲೆಯಲ್ಲಿ ಬೀಡಿ ಸೇದುತ್ತ ಕೂತಿದ್ದವರು ಒಂದೇ ಪ್ರಶ್ನೆ ಕೇಳಿದರು: "ಕೂಗಿದ್ರೆ ಕೂಗ್ಲಿ. ಬಂದ್ ಬೀಳುದಿಲ್ಲ ಅಲ್ದಾ?"

ಆ ರವಿವಾರ ಮಂಗೇಶ ಸ್ಕ್ರೂ ಇಳಿಸಿ, ತನ್ನ ಮಗಳ ಉಗುರಿನ ಬಣ್ಣದ ಶೀಶೆ ತಂದು, ಸ್ಕ್ರೂವಿನ ತಲೆಗೂ ಬದಿಯ ಲೋಹಕ್ಕೂ ಸೇರಿಸಿ ಕೆಂಪು ಗೆರೆ ಎಳೆದ. "ಹೊಯ್ದಾಟಕ್ಕೆ ತಿರುಗಿದ್ರೆ ಗೆರೆ ಎಳದ್ಕಂಡು ಹೋಗ್ತದೆ. ಯಾರಾದ್ರೂ ತಿರುಗ್ಸಿದ್ರೆ ಚಟ್ ಅಂತ ಒಡೀತದೆ" ಎಂದ.

ನಾಲ್ಕನೆಯ ಶನಿವಾರ ಗೆರೆ ಒಡೆದಿತ್ತು. ಮಂಗೇಶ ಸ್ಕ್ರೂ ಮತ್ತೆ ಇಳಿಸಿ, ಬಾನೆಟ್ಟು ಮುಚ್ಚಿ, ಕೈ ಒರೆಸಿಕೊಂಡು, ನನ್ನನ್ನು ಬದಿಗೆ ಕರೆದ. "ಸಾಹೇಬ್ರೆ, ಗಾಡಿದು ರಿಪೇರಿ ಮುಗೀತು. ಇನ್ನು ಮನೇದು. ಯಾರೋ ಸ್ಕ್ರೂಡ್ರೈವರ್ ಹಾಕ್ತಿದ್ರು."

ಗುರುವಾರ ಪರೀಕ್ಷೆ. ನಾನು ಮನೆಗೆ ಬರುವ ದಾರಿಯಲ್ಲಿ ವಿಚಾರ ಮಾಡಿದೆ. ವಿಚಾರ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಕಾರು ಕೂಗಿದರೆ ಯಾರಿಗೆ ಲಾಭ? ಕಾಲು ಭಾರ ಅನ್ನಿಸಿಕೊಂಡವಳಿಗೆ. ಕಾರು ತಾನಾಗಿ ಕೂಗುತ್ತದೆಂದು ವಾರವಾರವೂ ಸಾಬೀತಾದರೆ ತಪ್ಪು ಗಾಡಿಯದೆಂದಾಗುತ್ತದೆ. ಇನ್ನೊಮ್ಮೆ ಫೇಲಾದರೂ ಮಾನ ಉಳಿಯುತ್ತದೆ. ಎಷ್ಟು ಚಂದ ಕೂಡಿಬಂತು ನೋಡಿ! ಅಂಗಳಕ್ಕೆ ಬಂದವನೇ, ಬೇಲಿಯಾಚೆ ಹುಲಿಯಾ ಬದನೆಗೆ ನೀರು ಬಿಡುತ್ತಿದ್ದುದನ್ನೂ ಲೆಕ್ಕಿಸದೆ, ಇದನ್ನೆಲ್ಲ ವೈಜಯಂತಿಯೆದುರು ಒಪ್ಪವಾಗಿ ಬಿಡಿಸಿಟ್ಟೆ.

ಅವಳು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಾರಿನ ಕೀಲಿ ತಂದು ನನ್ನ ಅಂಗೈ ಬಿಡಿಸಿ ಅದರಲ್ಲಿಟ್ಟಳು. ಮೂಲೆಯಲ್ಲಿ ಕವುಚಿಟ್ಟಿದ್ದ ಬುಟ್ಟಿ ತೆಗೆದು, ಮೀನು ತುಂಬಿ, ಸಿಂಬಿ ಇಟ್ಟು, ತಲೆಯ ಮೇಲೆ ಹೊತ್ತು ಅಂಕೋಲೆಯ ದಾರಿ ಹಿಡಿದಳು. ನಾನು ಕೀಲಿ ಹಿಡಿದುಕೊಂಡು ಅಂಗಳದಲ್ಲಿ ನಿಂತೆ. ಹುಲಿಯಾ ನೀರಿನ ಪೈಪು ಹಿಡಿದುಕೊಂಡು ಬೇಲಿಯಲ್ಲಿ ನಿಂತ. ಬದನೆಗಿಡದ ಬುಡದಲ್ಲಿ ಕೆರೆಯಾಗುತ್ತಿತ್ತು.

ತಪ್ಪಿದೆನೇನೋ ಎಂದು ಒಳಗೇ ಅನ್ನಿಸಿತು. ಆದರೆ ಹಟ ಬಿಡಬೇಕಲ್ಲ! ಸೋಮವಾರ ಮಲ್ಲಾಪುರಕ್ಕೆ ಹೋದವನು ಮಂಗಳವಾರ ಸಂಜೆಯೇ ಹೊಟ್ಟೆನೋವೆಂದು ರಜೆ ಬರೆದು ಊರಿಗೆ ಬಂದೆ. ಬುಧವಾರ ಬೆಳಕು ಹರಿಯುವ ಹೊತ್ತಿಗೆ, ವೈಜಯಂತಿ ಒಲೆ ಹಚ್ಚುತ್ತಿರುವಾಗ, ಸ್ಕ್ರೂ ತಿರುಗಿಸುವವರನ್ನು ಕಣ್ಣಾರೆ ಹಿಡಿಯಲೆಂದು ಹಿಂಬಾಗಿಲಿನಿಂದ ಹೊರಬಿದ್ದು ಕಟ್ಟಿಗೆಯ ಮಾಡಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತೆ. ಅಲ್ಲಿಂದ ಕಾರು ಚೆನ್ನಾಗಿ ಕಾಣುತ್ತಿತ್ತು. ತರಕಾರಿ ಹೊತ್ತು ಹೊರಟಿದ್ದ ಬೀರಿಗೆ ನಾನೂ ಚೆನ್ನಾಗಿ ಕಂಡೆ. "ಎಂತಾ ಮಧುಕರಣ್ಣಾ, ಹೊಟ್ಟೆ ಅಷ್ಟು ಜೋರಾ? ಒಳಗೆ ಪಾಯಖಾನೆ ಉಂಟಲಾ!" ಎಂದು ಕೇಳಿದಳು. ತುಟಿಗೆ ಬೆರಳಿಟ್ಟು ಕೈಸನ್ನೆ ಮಾಡಿದೆ. ಅವಳು ಅದನ್ನು ಹೇಗೆ ಅರ್ಥಮಾಡಿಕೊಂಡಳೋ, ಮುಖ ಆಚೆ ತಿರುಗಿಸಿ ಓಡುತ್ತ ಹೋದಳು.

ಆಗ ಅಂಗಳಕ್ಕೆ ಒಬ್ಬರು ಬಂದರು. ಮೀನಿನ ಚೀಲವನ್ನು ಮೆಟ್ಟಿಲ ಮೇಲಿಟ್ಟರು. ಕಾರಿನ ಬಾಗಿಲು ತೆಗೆದು, ಒಳಗಿನ ಹಿಡಿ ಎಳೆದು, ಬಾನೆಟ್ಟು ಎತ್ತಿದರು. ಸೊಂಟದಿಂದ ಸ್ಕ್ರೂಡ್ರೈವರ್ ತೆಗೆದು, ಪುಟ್ಟ ಟಾರ್ಚು ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿದರು. ಲುಂಗಿಯಿಂದಲೇ ಗುರುತು ಹತ್ತಿತು. ನನ್ನ ಮಾವ.

ನಾನು ಎದ್ದುನಿಂತೆ. ಕಳ್ಳನಿಗೆ ಹೇಳಲೆಂದು ರಾತ್ರಿಯೆಲ್ಲ ತಯಾರು ಮಾಡಿಟ್ಟ ಮಾತುಗಳು ಮಾವನಿಗೆ ಒಪ್ಪುವಂತಿರಲಿಲ್ಲ. ಮಾವ ತಲೆಯೆತ್ತಿ ನೋಡಿ, ಬಾಯಿಂದ ಬ್ಯಾಟರಿ ತೆಗೆದು, "ಓ ಮಧುಕರಾ, ಬಂದ್ಯಾ? ಹಿಡಿ ಇದನ್ನ. ಹಲ್ಲು ನೋಯ್ತದೆ" ಎಂದರು. ನಾನು ಹೋಗಿ ಬ್ಯಾಟರಿ ಹಿಡಿದೆ. ಹಿರಿಯರು ಹೇಳಿದರೆ ಇಲ್ಲ ಎನ್ನಲು ಬರುವುದಿಲ್ಲ.

"ಎಂತಾ ಮಾಡ್ತಿದ್ರಿ ಮಾವಾ?"

"ಮುಕ್ಕಾಲು ಸುತ್ತು. ನಿನ್ನ ಮಂಗೇಶ ಪ್ರತಿ ಸಲ ಇಳಸ್ತಾ, ನಾ ಏರಸ್ತೆ. ಅವಂಗೆ ಹೇಳು, ಅವ ಸಮುದ್ರ ಕಂಡವ ಅಲ್ಲ." ಸ್ಕ್ರೂ ತಿರುಗಿಸುತ್ತಲೇ ಹೇಳಿದರು. "ಎಂಜಿನ್ ಅಂದ್ರೆ ಎಂಜಿನ್. ದೋಣಿದಾದ್ರೂ ಅದೇ ಸ್ಕ್ರೂ, ಕಾರಿದಾದ್ರೂ ಅದೇ ಸ್ಕ್ರೂ. ಅಳಿವೆ ದಾಟುವಾಗ ಬಂದ್ ಬೀಳ್ಬಾರ್ದು."

ಹೊಳೆ ಸಮುದ್ರಕ್ಕೆ ಸೇರುವ ಬಾಯಿಗೆ ನಾವು ಅಳಿವೆ ಎನ್ನುತ್ತೇವೆ. ಎರಡು ನೀರು ಡಿಕ್ಕಿ ಹೊಡೆಯುವ ಜಾಗ. ಅಲ್ಲಿ ದೋಣಿಗೆ ಓಟವಿದ್ದರೆ ತೆರೆಯನ್ನು ಸೀಳಿ ದಾಟುತ್ತದೆ. ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆಗೆ ಮಗುಚುತ್ತದೆ. ಅದಕ್ಕೇ ನಮ್ಮವರು ದೋಣಿಯ ಎಂಜಿನ್ನನ್ನು ಯಾವತ್ತೂ ಸ್ವಲ್ಪ ಏರಿಸಿಯೇ ಇಡುತ್ತಾರೆ. ಇದು ನನಗೆ ಗೊತ್ತಿತ್ತು. ಕಾರಿಗೂ ಅದೇ ಶಾಸ್ತ್ರ ಎಂದು ಗೊತ್ತಿರಲಿಲ್ಲ.

"ಇದು ರಸ್ತೆ ಮಾವಾ. ಇಲ್ಲಿ ಎಲ್ಲಿದು ಅಳಿವೆ?"

"ಹೈವೇ ಕ್ರಾಸಿನಲ್ಲಿ ಒಂದು ತಾಸು ನಿಂತು ನೋಡಿದ್ದೆ ನಾ. ಆ ಬದಿಯಿಂದ ಲಾರಿ, ಈ ಬದಿಯಿಂದ ಲಾರಿ. ನನ್ನ ಹುಡುಗಿ ನಡುವೆ. ಅಲ್ಲಿ ಎಂಜಿನ್ ಬಂದ್ ಬಿದ್ರೆ?" ಅವರು ಸ್ಕ್ರೂಡ್ರೈವರ್ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಸುಜಯ ಹೋದದ್ದು ಹಾಂಗೇ."

ಸುಜಯ ಮಾವನ ತಮ್ಮ. ಇಪ್ಪತ್ತಾರು ವರ್ಷದ ಹಿಂದೆ ಅಳಿವೆಯಲ್ಲಿ ತೀರಿಕೊಂಡದ್ದು ಊರಿಗೆಲ್ಲ ಗೊತ್ತು. ಹೇಗೆಂದು ಮಾವ ಯಾರಿಗೂ ಹೇಳಿರಲಿಲ್ಲ.

"ಅವನ ಎಂಜಿನ್ನಿನ ಸ್ಕ್ರೂ ಇಳಿಸಿದ್ದು ನಾ. ಹಿಂದಿನ ದಿವ್ಸ ಸಂಜೆ. ಎಣ್ಣೆ ಉಳೀತದೆ ಹೇಳ್ದೆ. ಮುಕ್ಕಾಲೇ ಮುಕ್ಕಾಲು ಸುತ್ತು" ಎಂದರು ಮಾವ. "ಬೆಳಿಗ್ಗೆ ಅಳಿವೇಲಿ ಬಂದ್ ಬಿತ್ತು."

ನಾನು ಬ್ಯಾಟರಿ ಆರಿಸಿದೆ. ತಿರುಗಿ ನೋಡಿದರೆ ವೈಜಯಂತಿ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ತುಂಬಿತ್ತು. ಮೆಟ್ಟಿಲಿಳಿದು ಬಂದು ಅಪ್ಪನ ಬೆನ್ನ ಮೇಲೆ ಕೈಯಿಟ್ಟು, "ಚಾ ಆರ್ತದೆ. ಒಳಗೆ ಬಾ ಅಪ್ಪಾ" ಎಂದಳು.

ಮಾವ ಚಾ ಕುಡಿದು ಹೋದ ಮೇಲೆ ನನ್ನ ಪಾಳಿ ಬಂತು. "ಮೊದಲು ನನ್ನ ಕಾಲು ಅಂದ್ರಿ. ಆಮೇಲೆ ನನ್ನ ಕೈ ಅಂದ್ರಿ. ಇನ್ನೆಂತಾ ಬಾಕಿ ಉಂಟು?"

"ತಪ್ಪಾಯ್ತು" ಎಂದೆ.

"ಅಂಗಳದಲ್ಲಿ ಹೇಳಿದ ಮಾತು. ಅಂಗಳದಲ್ಲೇ ಹಿಂದೆ ತಕ್ಕಳಿ."

ಹೋದೆ. ಬೇಲಿಯ ಹತ್ತಿರ ನಿಂತು, ಹುಲಿಯಾನನ್ನು ಕರೆದು, ವೈಜಯಂತಿಯ ಕಾಲಿನದೂ ತಪ್ಪಲ್ಲ, ಕೈಯದೂ ತಪ್ಪಲ್ಲ ಎಂದು ಸಾರಿದೆ. "ಹಾಂಗಾರೆ ಯಾರ ತಪ್ಪು ಮಧುಕರಣ್ಣಾ?" ಎಂದು ಅವನು ಕೇಳಿದ. ಮಾವನ ಹೆಸರು ಹೇಳುವ ಹಾಗಿಲ್ಲ. "ನನ್ನ ಬಾಯಿದು" ಎಂದೆ. ಹುಲಿಯಾ, "ಅದು ನಮಗೆ ಮೊದಲಿಂದ ಗುತ್ತಿತ್ತು. ಹೇಳ್ದೇ ಇದ್ವು, ಅಷ್ಟೇ" ಎಂದ. ಇಪ್ಪತ್ತು ವರ್ಷದ ಗೌರವಕ್ಕೆ ಸಿಕ್ಕ ಮರ್ಯಾದೆ ಅಷ್ಟು.

ಕೀಲಿ ಮತ್ತೆ ವೈಜಯಂತಿಯ ಕೈಗೆ ಹೋಯಿತು. ಅದೇ ಸಂಜೆ ಮಂಗೇಶನಲ್ಲಿ ಸ್ಕ್ರೂ ಇಳಿಸಿಕೊಂಡು ಬಂದೆವು. ವೈಜಯಂತಿ ಅಪ್ಪನನ್ನೂ ಕರೆದೊಯ್ದಿದ್ದಳು. ಅವರು ಇಳಿಸುವುದನ್ನು ನೋಡುತ್ತ ನಿಂತರು, ತಡೆಯಲಿಲ್ಲ. "ನಾಳೆ ನಾನೂ ಬತ್ತೆ" ಎಂದಷ್ಟೇ ಹೇಳಿದರು.

ಗುರುವಾರ ಕಾರವಾರ. ಪರೀಕ್ಷೆಯ ಮೈದಾನದಲ್ಲಿ ಸಾಲು ಉದ್ದವಿತ್ತು. ಮೀನುಗಾರರ ಊರು ಬೈತಖೋಲದಿಂದ ಬಂದ ನಾಲ್ಕಾರು ಹುಡುಗರು ಬೈಕಿನ ಪರೀಕ್ಷೆಗೆ ಕಾಯುತ್ತಿದ್ದರು. ಅದೇ ಇನ್‌ಸ್ಪೆಕ್ಟರು. ವೈಜಯಂತಿಯನ್ನೂ ಕಾರನ್ನೂ ಗುರುತು ಹಿಡಿದ ಕೂಡಲೇ ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡು ಕುಳಿತರು. ಈ ಸಲ ಕಂಬ ಒಂದೂ ಅಲುಗಲಿಲ್ಲ. ಎಂಟು ಬರೆದಳು, ಹಿಂದಕ್ಕೆ ತಂದಳು. ಇನ್ನು ಏರು ಮಾತ್ರ. ಅರ್ಧ ಏರಿನಲ್ಲಿ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಡಬೇಕು.

ನಿಲ್ಲಿಸಿದಳು. ಕ್ಲಚ್ ಬಿಟ್ಟಳು. ಕೂಗುವ ಎಂಜಿನ್ನಿನಲ್ಲಿ ಕಲಿತ ಕಾಲಿಗೆ ಮೆದು ಎಂಜಿನ್ ಹೊಸದು. ಕಾರು ಒಮ್ಮೆ ನಡುಗಿ ಬಂದ್ ಬಿತ್ತು.

ನನ್ನ ಪಕ್ಕದಲ್ಲಿ ಮಾವ ಇರಲಿಲ್ಲ. ನೋಡಿದರೆ ಲುಂಗಿ ಎತ್ತಿ ಕಟ್ಟಿ, ಕಂಬಗಳ ನಡುವಿನಿಂದ ಓಡಿ, ಕಾರಿನ ಹಿಂಬದಿಗೆ ಹೆಗಲು ಕೊಟ್ಟಾಗಿತ್ತು. "ಐಲೇಸಾ!" ಎಂದು ಕೂಗಿದರು. ದಂಡೆಯ ಮೇಲೆ ದೋಣಿ ನೂಕುವ ಕೂಗು ಅದು. ಆ ಕೂಗು ಕೇಳಿದ ಮೇಲೆ ದೋಣಿ ಯಾರದೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ, ಕೈ ಕೊಡಬೇಕು ಅಷ್ಟೇ. ಬೈತಖೋಲದ ಹುಡುಗರು ಬೈಕು ಬಿಟ್ಟು ಓಡಿದರು. ಅವರ ಹಿಂದೆ ನಾನೂ ಓಡಿದೆ, ಯಾಕೆಂದು ಈಗಲೂ ಗೊತ್ತಿಲ್ಲ. "ಐಲೇಸಾ!" ಎನ್ನುತ್ತ ಆರೇಳು ಜನ ಸೇರಿ ಕಾರನ್ನೂ, ವೈಜಯಂತಿಯನ್ನೂ, ಇನ್‌ಸ್ಪೆಕ್ಟರನ್ನೂ, ಅವರ ಕಾಗದಪತ್ರವನ್ನೂ ಏರಿನ ತುದಿಗೆ ಮುಟ್ಟಿಸಿದೆವು.

ವೈಜಯಂತಿ ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದಳು. ಮಾವ ಇನ್ನೂ ಹೆಗಲು ತೆಗೆದಿರಲಿಲ್ಲ. ಏದುಸಿರು ಬಿಡುತ್ತಿದ್ದರು.

"ಅಪ್ಪಾ, ಕೈ ತೆಗಿ."

"ಅಡ್ಡ ತಿರುಗ್ತದೆ ಮಗಾ."

"ಇಲ್ಲ. ಇದು ನೆಲ. ಬಂದ್ ಬಿದ್ರೆ ಬಿದ್ದಲ್ಲೇ ನಿಲ್ತದೆ. ಬ್ರೇಕ್ ಉಂಟು. ಮುಳುಗುದಿಲ್ಲ ಅಪ್ಪಾ."

ಮಾವ ಒಂದು ಕೈ ತೆಗೆದರು. ಕಾರು ನಿಂತೇ ಇತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆದರು.

ಇನ್‌ಸ್ಪೆಕ್ಟರು ಕೆಂಪಗಾಗಿ ಇಳಿದರು. "ಹೊರಗಿನವರು ಗಾಡಿ ಮುಟ್ಟಿದರೆ ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ! ಯಾರು ಇವರೆಲ್ಲ? ಈ ಅಜ್ಜ ಯಾರು?" ಎಂದು ಕೂಗಿದರು. ವೈಜಯಂತಿ ಅವರನ್ನು ಬದಿಗೆ ಕರೆದು ಏನೋ ಹೇಳಿದಳು. ಎರಡೇ ಮಾತು ಇರಬೇಕು. ಅವರು ಮಾವನನ್ನು ನೋಡಿದರು. ಅವರೂ ಕರಾವಳಿಯವರೇ ಇದ್ದಾರು. ಕಾಗದ ತಿರುವಿ ಹಾಕಿ, "ಏರು ಮೊದಲಿಂದ ಮಾಡಿ. ಬೇರೆ ಯಾರೂ ಗೆರೆ ದಾಟಬಾರದು" ಎಂದರು.

ನಾನೂ ಮಾವನೂ ಗೆರೆಯ ಈಚೆ ನಿಂತೆವು. ಎಂಜಿನ್ನು ಎಷ್ಟು ಮೆದುವೆಂದರೆ ಅಲ್ಲಿಗೆ ಸದ್ದೇ ಕೇಳುತ್ತಿರಲಿಲ್ಲ. ನಲವತ್ತು ವರ್ಷ ಎಂಜಿನ್ನಿನ ಪಕ್ಕ ಕೂತ ಮಾವನ ಕಿವಿಗಂತೂ ಇಲ್ಲವೇ ಇಲ್ಲ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ಜೀವ ಉಂಟನಾ?"

"ಉಂಟು ಮಾವಾ."

ಅರ್ಧ ಏರಿಗೆ ನಿಲ್ಲಿಸಿದಳು. ಹೊರಡಲು ಹೋದಳು. ಮತ್ತೆ ನಡುಕ, ಮತ್ತೆ ಬಂದ್. ಮಾವನ ಒಂದು ಕಾಲು ಗೆರೆ ದಾಟಿತು. ಇನ್ನೊಂದು ದಾಟಲಿಲ್ಲ. ಹಿಡಿತಕ್ಕೆ ನನ್ನ ಕೈ ಜೋಮು ಹಿಡಿಯಿತು, ನಾನು ಬಿಡಿಸಿಕೊಳ್ಳಲಿಲ್ಲ. ಬ್ರೇಕಿನ ಮೇಲೆ ಕಾರು ಕೂದಲಷ್ಟೂ ಅಲ್ಲಾಡಲಿಲ್ಲ. ವೈಜಯಂತಿ ಅವಸರ ಮಾಡಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ. ಕೀಲಿ ತಿರುಗಿಸಿದಳು. ಕಾರು ಮೆಲ್ಲಗೆ ಏರಿ ಆಚೆ ಇಳಿಯಿತು.

"ಬಂದ್ ಬಿದ್ದದ್ದಕ್ಕೆ ಫೇಲ್ ಮಾಡುವುದಿಲ್ಲ ನಾನು" ಎಂದರು ಇನ್‌ಸ್ಪೆಕ್ಟರು ರುಜು ಹಾಕುತ್ತ. "ಹಿಂದೆ ಜಾರಲಿಲ್ಲ, ಗಾಬರಿಯಾಗಲಿಲ್ಲ. ಪಾಸ್." ಬೈತಖೋಲದ ಹುಡುಗರು ಸಿಳ್ಳೆ ಹಾಕಿದರು. ನಾನು ಅತ್ತೆ. ತಾಂತ್ರಿಕ ಕಾರಣವೇನೂ ಇರಲಿಲ್ಲ.

ಮಾವ ಕಾರಿನ ಹತ್ತಿರ ಹೋಗಿ ಕಿಟಕಿಯಲ್ಲಿ ಬಗ್ಗಿದರು. "ಒಂದ್ ಸಲ ಬಂದ್ ಮಾಡು" ಎಂದರು.

ವೈಜಯಂತಿ ಬಂದ್ ಮಾಡಿದಳು.

"ಈಗ ಚಾಲೂ ಮಾಡು." ಮಾಡಿದಳು. "ಇಷ್ಟೇಯಾ? ಕೀಲಿ ತಿರುಗ್ಸಿದ್ರೆ ಸಾಕು?"

"ಸಾಕು ಅಪ್ಪಾ."

"ಸುಜಯಂದು ಹಗ್ಗ ಎಳೆಯೂ ಎಂಜಿನ್" ಎಂದರು ಮಾವ. "ನಾ ದಂಡೆಯಿಂದ ನೋಡ್ತಿದ್ದೆ. ಒಂದ್ ಸಲ ಎಳ್ದ. ಎರಡ್ ಸಲ ಎಳ್ದ. ಮೂರ್ ಸಲ ಎಳ್ದ. ನಾಕನೇದು ಎಳೀಲಿಕ್ಕೆ ತೆರೆ ಬಿಡಲಿಲ್ಲ."

ವೈಜಯಂತಿ ಎಂಜಿನ್ ಬಂದ್ ಮಾಡಿ, ಕಿಟಕಿಯೊಳಗಿಂದ ಅಪ್ಪನ ಕೈ ಹಿಡಿದು ಕೀಲಿಯ ಮೇಲಿಟ್ಟಳು. "ನೀ ತಿರುಗ್ಸು" ಎಂದಳು.

ಮಾವ ತಿರುಗಿಸಿದರು, ಚಾಲೂ ಆಯಿತು. ತಾವೇ ಬಂದ್ ಮಾಡಿ ಎರಡನೆಯ ಸಲ ತಿರುಗಿಸಿದರು. ಮೂರನೆಯ ಸಲ. ಹಿಂದಿನ ಸಾಲಿನಲ್ಲಿ ಯಾರೋ ಹಾರ್ನ್ ಒತ್ತಿದರು. ಇನ್‌ಸ್ಪೆಕ್ಟರು ಕೈಯೆತ್ತಿ ಸುಮ್ಮನಿರಿಸಿದರು. ಮಾವ ಮತ್ತೆ ಬಂದ್ ಮಾಡಿದರು. ಕೈ ಕೀಲಿಯ ಮೇಲೇ ನಿಂತಿತು. ಅವರ ಕೈಯ ಮೇಲೆ ವೈಜಯಂತಿ ತನ್ನ ಕೈಯಿಟ್ಟಳು, ಒತ್ತಲಿಲ್ಲ.

ನಾಲ್ಕನೆಯ ಸಲ ತಿರುಗಿಸಿದರು. ಚಾಲೂ ಆಯಿತು.